ಹಂದಿ ಕಡಿಯುವ ಕೈ

ಬೋನಿನ ಬಾಗಿಲು ಕಿತ್ತು ಬರಬಹುದಿತ್ತು. ಕಾಡುಹಂದಿಯ ಕೋರೆ ನನ್ನ ತೊಡೆಯ ದೊಡ್ಡ ರಕ್ತನಾಳವನ್ನೇ ಹುಡುಕಿಕೊಂಡು ಬಂದು ಸೀಳಬಹುದಿತ್ತು. ಆ ನಾಳ ತುಂಡಾದರೆ ಎಷ್ಟು ಹೊತ್ತಿನಲ್ಲಿ ಜೀವ ಹೋಗುತ್ತದೆ ಎಂಬುದನ್ನು ಮೂರು ಕಡೆ ಓದಿ ಖಚಿತಪಡಿಸಿಕೊಂಡಿದ್ದೆ. ಹೊಲದ ಮುದುಕನ ಬಂದೂಕಿನ ಗುಂಡು ಕಬ್ಬಿಣದ ಸರಳಿಗೆ ಬಡಿದು ಅಮ್ಮನ ಕುರ್ಚಿಯ ಕಡೆಗೆ ತಿರುಗಬಹುದಿತ್ತು. ಚೂರಿ ರಕ್ತದಲ್ಲಿ ಜಾರಿ ನನ್ನದೇ ಅಂಗೈಯನ್ನು ಕೊಯ್ಯಬಹುದಿತ್ತು. ಹಂದಿಯ ರಕ್ತದಿಂದ ಮನುಷ್ಯರಿಗೆ ಹತ್ತುವ ಜ್ವರವೊಂದಿದೆ, ಹತ್ತಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲವಂತೆ, ಅದು ಹತ್ತಬಹುದಿತ್ತು. ಎಪ್ಪತ್ತೆಂಟು ವರ್ಷದ ಅಮ್ಮನ ಎದೆಬಡಿತ ಅಲ್ಲೇ, ಟೆಕ್ಸಸ್ಸಿನ ಟೇಲರ್ ಎಂಬ ಊರಿನ ಆ ಜೋಳದ ಹೊಲದ ಅಂಚಿನಲ್ಲೇ ನಿಲ್ಲಬಹುದಿತ್ತು. ಗುಂಡಿನ ಸದ್ದು ಕೇಳಿ ಯಾರಾದರೂ ಪೊಲೀಸರನ್ನು ಕರೆಯಬಹುದಿತ್ತು. ಮೈಯೆಲ್ಲ ರಕ್ತವಾದ ಕಪ್ಪು ಗಂಡಸೊಬ್ಬ ಕೈಯಲ್ಲಿ ಉದ್ದನೆಯ ಚೂರಿ ಹಿಡಿದು 'ಇದು ದೇವರಿಗೆ ಕಾಣಿಕೆ, ಆಫೀಸರ್' ಎಂದು ವಿವರಿಸುವ ದೃಶ್ಯವನ್ನು ನಾನು ಸ್ನಾನದ ಹೊತ್ತಿನಲ್ಲಿ ಹಲವು ಸಲ ಅಭ್ಯಾಸ ಮಾಡಿದ್ದೆ. ಇದಾವುದೂ ಆಗದಿದ್ದರೆ, ಪಕ್ಕದ ಮನೆಯ ಮೈಸೂರಿನ ಆಂಟಿ, ಪ್ರತಿ ಶುಕ್ರವಾರ ನಮಗೆ ಪುಳಿಯೋಗರೆ ಕಳಿಸುವ ಪುಣ್ಯಾತ್ಗಿತ್ತಿ, ನಮ್ಮ ಕಾರಿನ ಡಿಕ್ಕಿಯಲ್ಲಿ ಹಂದಿಯ ತಲೆ ನೋಡಿ ಡ್ರೈವ್‌ವೇಯಲ್ಲೇ ಮೂರ್ಛೆ ಹೋಗಬಹುದಿತ್ತು.

ಇದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹೆಂಡತಿ ಓದಿದಳು.

"ರೀ, ಹಂದಿ ಸಾಯೋಕೆ ಮುಂಚೆ ನೀವೇ ಹೋಗ್ಬಿಡ್ತೀರ, ಸುಮ್ನಿರಿ" ಅಂದಳು.

ಆ ಸಾಧ್ಯತೆಯನ್ನು ಬರೆಯಲು ಮರೆತಿದ್ದೆ. ಅದನ್ನೂ ಸೇರಿಸಿದೆ.

ಹೆದರುವುದು ನನ್ನ ಸ್ವಭಾವ ಮಾತ್ರವಲ್ಲ, ಉದ್ಯೋಗ ಕೂಡ. ಆಸ್ಟಿನ್ ಪಕ್ಕದ ಟೇಲರಿನಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯೊಂದರ ಕ್ಲೀನ್‌ರೂಮಿನಲ್ಲಿ ಕೆಲಸ ಮಾಡುತ್ತೇನೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹಾಕಿಕೊಂಡು, ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಎಲ್ಲಿ ಕೂತುಬಿಡುತ್ತದೋ ಎಂದು ದಿನವಿಡೀ ಹೆದರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಆಸ್ಟಿನ್ನಿನಲ್ಲಿ ನನ್ನಷ್ಟು ತಕ್ಕ ಕೆಲಸ ಸಿಕ್ಕವರು ಕಡಿಮೆ.

ಅಂಥವನು ಹಂದಿಯ ಬೋನಿನೊಳಗೆ ಚೂರಿ ಹಿಡಿದು ಇಳಿದದ್ದು ಬೆಳೆ ಹಬ್ಬದ ದೆಸೆಯಿಂದ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಸೇರಿದರೆ ನಾವು ಕನ್ನಡ ಕ್ರೈಸ್ತರು ಒಂದು ಸಣ್ಣ ಹಾಲ್ ತುಂಬುವಷ್ಟು ಜನ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ನನ್ನ ಹೆಸರು ಕೇಳಿ, "ಓ, ನೀವು ಕ್ರಿಶ್ಚಿಯನ್ನಾ? ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಲ್ಲ!" ಅನ್ನುತ್ತಾರೆ. ನಾನು ಥ್ಯಾಂಕ್ಸ್ ಅನ್ನುತ್ತೇನೆ. ವರ್ಷಕ್ಕೊಮ್ಮೆ ಮೂರೂ ಊರಿನವರು ಸೇರಿ, ಯಾವುದಾದರೂ ಚರ್ಚಿನ ಹಾಲ್ ಬೇಡಿ ಪಡೆದು, ಮಂಗಳೂರು ಉಡುಪಿ ಕಡೆಯ ಪದ್ಧತಿಯ ಪ್ರಕಾರ ಬೆಳೆ ಹಬ್ಬ ಮಾಡುತ್ತೇವೆ. ಮೊದಲ ಫಲವನ್ನು ಪೀಠದ ಮುಂದೆ ಇಡುವುದು, ಆಮೇಲೆ ಏಲಂ ಹಾಕುವುದು, ಆಮೇಲೆ ಊಟ. ನಮ್ಮಲ್ಲಿ ಒಂದು ನಿಯಮವಿದೆ: ಚೆಕ್ಕು ಕೊಡುವವರು ಕೊಡಲಿ, ಆದರೆ ಪೀಠದ ಮುಂದೆ ಇಡುವುದು ಆ ಮನೆಯವರ ಸ್ವಂತ ಕೈಯಿಂದ ಆದದ್ದೇ ಆಗಿರಬೇಕು. ಯಾರೋ ಸೋರೆಕಾಯಿ ಬೆಳೆಸುತ್ತಾರೆ, ಯಾರೋ ಸ್ವೆಟರ್ ಹೆಣೆಯುತ್ತಾರೆ, ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದಂತವೈದ್ಯರೊಬ್ಬರು ಮರದಲ್ಲಿ ಶಿಲುಬೆ ಕೆತ್ತುತ್ತಾರೆ. ನಾನು ಹಲವು ವರ್ಷ ಒಂದು ದಪ್ಪ ಚೆಕ್ಕಿನ ಜೊತೆಗೆ ಅಂಗಡಿಯ ಬಾಳೆಹಣ್ಣನ್ನು ಅದರ ಮೇಲಿನ ಸ್ಟಿಕ್ಕರ್ ಕಿತ್ತು ಇಟ್ಟು ಬಂದಿದ್ದೇನೆ.

ಆ ದಿನ ಪಾಸ್ಟರ್ ಮಾಡುವ ಪ್ರಸಂಗ ಪ್ರತಿ ವರ್ಷವೂ ಬೈಬಲ್ಲಿನ ತಲಾಂತಿನ ಸಾಮ್ಯದ, ಅಂದರೆ ದೃಷ್ಟಾಂತದ ಕಥೆಯ ಮೇಲೆ. ತಲಾಂತು ಅಂದರೆ ಆ ಕಾಲದ ಹಣ; ನಮ್ಮ ಬಾಯಲ್ಲಿ, ದೇವರು ಒಬ್ಬೊಬ್ಬರಿಗೆ ಕೊಟ್ಟ ಸಾಮರ್ಥ್ಯ. ದೂರ ದೇಶಕ್ಕೆ ಹೊರಟ ಯಜಮಾನ ಮೂವರು ಆಳುಗಳ ಕೈಗೆ ತನ್ನ ಆಸ್ತಿಯನ್ನು ಒಪ್ಪಿಸುತ್ತಾನೆ. ಇಬ್ಬರು ದುಡಿಸಿ ದುಪ್ಪಟ್ಟು ಮಾಡುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ, ಯಜಮಾನ ಹಿಂದಿರುಗಿ ಅವನನ್ನು ಹೊರಗಿನ ಕತ್ತಲೆಗೆ ದಬ್ಬಿಸುತ್ತಾನೆ. ನಾವು ಒಡೆಯರಲ್ಲ, ಮನೆವಾರ್ತೆಯವರು, ಅಂದರೆ ಒಡೆಯನದನ್ನು ನೋಡಿಕೊಳ್ಳುವವರು ಎಂದು ಪಾಸ್ಟರ್ ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ನನಗೆ ಮೊದಲಿನಿಂದಲೂ ಆ ಮೂರನೆಯವನ ಮೇಲೆ ಕನಿಕರ. ಪಾಪ, ಅವನೂ ಏನೇನು ಆಗಬಹುದು ಎಂದು ಪಟ್ಟಿ ಮಾಡಿರಬೇಕು.

ಅಮ್ಮನಿಗೆ ಅವನನ್ನು ಕಂಡರೆ ಆಗುವುದಿಲ್ಲ. ಅಮ್ಮನ ತಲಾಂತು ಹಂದಿ ಕಡಿಯುವುದು.

ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅಮ್ಮನ ಅಪ್ಪ ಊರಿನ ನಮ್ಮ ಸಭೆಯ, ಅಂದರೆ ಚರ್ಚಿನವರ, ಮದುವೆಗಳಿಗೆಲ್ಲ ಹಂದಿ ಕಡಿಯುತ್ತಿದ್ದರು. ಗಂಡುಮಕ್ಕಳಿರಲಿಲ್ಲ, ಚೂರಿ ಮಗಳ ಕೈಗೆ ಬಂತು. ಹಂಚಿನ ಕಾರ್ಖಾನೆಯಲ್ಲಿದ್ದ ನನ್ನ ಅಪ್ಪ ಬೇಗ ತೀರಿಕೊಂಡ ಮೇಲೆ ಅದೇ ಚೂರಿ ನನ್ನನ್ನು ಓದಿಸಿತು. ಮದುವೆಯ ಹಿಂದಿನ ಬೆಳಿಗ್ಗೆ, ನಾಲ್ವರು ಗಂಡಸರು ಕಾಲು ಕಟ್ಟಿ ಮಗುಚಿದ ಹಂದಿಯ ಮೇಲೆ ಅಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲೂರುತ್ತಿದ್ದಳು. ಬಾಯಲ್ಲಿ ಕರ್ತನ ಪ್ರಾರ್ಥನೆ ಶುರು ಮಾಡಿ ಚೂರಿ ಇಳಿಸುವಳು. ದಿನದ ಆಹಾರ ಕೇಳುವ ಸಾಲಿಗೆ ಬರುವುದರೊಳಗೆ ಹಂದಿಯ ಕೂಗು ನಿಲ್ಲಬೇಕು. ಅದು ಅಜ್ಜನ ನಿಯಮ. ಬೇರೆ ಕಡಿಯುವವರ ಕೈಯಲ್ಲಿ ಪ್ರಾಣಿ ಅರ್ಧ ಗಂಟೆ ಕಿರುಚುವುದನ್ನು ನಾನು ಕೇಳಿದ್ದೇನೆ; ಇಡೀ ಕೇರಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಅಮ್ಮ ಕಡಿದರೆ ಮಕ್ಕಳು ನಿದ್ದೆಯಿಂದ ಏಳುತ್ತಿರಲಿಲ್ಲ.

ಶಾಲೆಯಲ್ಲಿ ನಾನು ಹಂದಿಯವಳ ಮಗ. ಬೆಂಚಿನಲ್ಲಿ ನನ್ನ ಪಕ್ಕ ಕೂತವನು ಮೂಗು ಹಿಡಿದುಕೊಂಡು 'ಗುರ್ರ್' ಅನ್ನುತ್ತಿದ್ದ. ಏಳನೇ ಕ್ಲಾಸಿನಲ್ಲಿ ಒಂದು ದಿನ ಅವನು ಹಾಗೆ ಅಂದಾಗ ನಾನು ಕಂಪಾಸಿನ ಡಬ್ಬಿಯಿಂದ ಕೈವಾರ ತೆಗೆದು, ಡೆಸ್ಕಿನ ಮೇಲಿದ್ದ ಅವನ ಅಂಗೈಯಲ್ಲಿ ಇಳಿಸಿದೆ. ಮೊನೆ ಆಚೆಯಿಂದ ಮರಕ್ಕೆ ತಾಗಿ 'ಟಕ್' ಅಂದ ಸದ್ದು ಈಗಲೂ ಕಿವಿಯಲ್ಲಿದೆ. ಅವನು ಕೂಗಿದ. ನಾನು ಕೂಗಲಿಲ್ಲ, ನಡುಗಲೂ ಇಲ್ಲ. ಎರಡು ಮೂಳೆಗಳ ನಡುವಿನ ಜಾಗ ನನ್ನ ಕೈಗೆ ತಾನಾಗಿ ಗೊತ್ತಿತ್ತು.

ಅಮ್ಮ ಮದುವೆ ಮನೆಯಿಂದ ನೇರವಾಗಿ ಶಾಲೆಗೆ ಬಂದಳು. ಹೆಡ್‌ಮಾಸ್ಟರರ ಎದುರಿಗೆ ನನ್ನ ಕೆನ್ನೆಗೆ ಹೊಡೆದ ಪೆಟ್ಟಿಗೆ ನಾನು ಬಾಗಿಲಿಗೆ ಹೋಗಿ ಬಿದ್ದೆ. ತುಟಿ ಒಡೆಯಿತು.

"ಈ ಕೈ ಮನುಷ್ಯರ ಮೇಲೆ ಹಾಕ್ಲಿಕ್ಕೆ ಕೊಟ್ಟದ್ದಲ್ಲ" ಅಂದಳು. ಆಮೇಲೆ ಆ ಹುಡುಗನ ಮನೆಗೆ ಹೋಗಿ, ಅವನ ಅಮ್ಮನ ಕಾಲು ಹಿಡಿದಳು.

ಅಂದಿನಿಂದ ನಾನು ಚೂರಿ ಮುಟ್ಟಲಿಲ್ಲ. ಅಮ್ಮ ಕಲಿಸಲು ಕರೆದಾಗಲೆಲ್ಲ ಓದುವುದಿದೆ ಅಂದೆ. ಓದಿ ಓದಿ ಟೆಕ್ಸಸ್ ಮುಟ್ಟಿದೆ. ಜನ ಅದನ್ನು ಬುದ್ಧಿವಂತಿಕೆ ಅನ್ನುತ್ತಾರೆ.

ಅಮ್ಮ ನಮ್ಮ ಜೊತೆ ಇರಲು ಬಂದು ಆರು ವರ್ಷ. ಚೂರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದಿದ್ದಳು. ಬೆಳೆ ಹಬ್ಬಕ್ಕೆ ಪ್ರತಿ ವರ್ಷ ಅಂಗಡಿಯ ಮಾಂಸ ತಂದು ಪದಾರ್ಥ ಮಾಡಿ ಇಡುತ್ತಿದ್ದಳು. ಎಲ್ಲರೂ ಬೆರಳು ಚೀಪುತ್ತಿದ್ದರು. ಅಮ್ಮನದು ಮಾತ್ರ ಕದ್ದ ಮಾಲು ಇಟ್ಟವಳ ಮುಖ.

"ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಯಾರು ಕೊಂದದ್ದೋ, ಎಷ್ಟು ಹೊತ್ತು ಕೂಗಿತೋ. ನನ್ನ ಕೈಯದ್ದು ಎಂತ ಉಂಟು ಅದ್ರಲ್ಲಿ?"

ಹೋದ ವರ್ಷ ಅವಳ ಬಲಗೈ ನಡುಗಲು ಶುರುವಾಯಿತು. ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಗಳಲ್ಲೊಂದರಲ್ಲಿ ಧಾರವಾಡದ ಕಡೆಯ ನರರೋಗ ತಜ್ಞರಿದ್ದಾರೆಂದು ಗೊತ್ತಾಗಿ ಕರೆದುಕೊಂಡು ಹೋದೆ. ಅವರು ಅಮ್ಮನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದರು.

"ಊರಾಗ ಏನ್ ಕೆಲಸ ಮಾಡ್ತಿದ್ರಿ ಅಮ್ಮಾರ?"

"ಹಂದಿ ಕಡೀತಿದ್ದೆ ಡಾಕ್ಟ್ರೇ."

ಡಾಕ್ಟರು ಒಂದು ಕ್ಷಣ ಅಮ್ಮನ ಕೈಯನ್ನು ಗಾಳಿಯಲ್ಲೇ ಬಿಟ್ಟರು. ಅವರ ಹಣೆಯಲ್ಲಿ ವಿಭೂತಿ ಇತ್ತು. ನಾನು ನೆಲ ನೋಡಿದೆ.

"ಹೌದ್ರೀ?" ಅಂದು ಮತ್ತೆ ಕೈ ಹಿಡಿದರು. "ಅದಕ್ಕ ಮುಂಗೈ ಇನ್ನೂ ಇಷ್ಟು ಗಟ್ಟಿ ಅದ. ಆದರ ಇನ್ನ ಮ್ಯಾಲೆ ಚಾಕು ಹಿಡಿಯೂದು ಬ್ಯಾಡ್ರಿ. ಗುಳಿಗಿ ತಗೊಂಡ್ರ ನಡುಕ ಕಡಿಮಿ ಆಗ್ತದ, ಪೂರಾ ಹೋಗಂಗಿಲ್ಲ."

ವಾಪಸು ಬರುವಾಗ, ಹೆದ್ದಾರಿಯ ಅರ್ಧ ದಾರಿಯಲ್ಲಿ, ಅಮ್ಮ ಒಮ್ಮೆಲೇ "ನಿಲ್ಲಿಸು! ನಿಲ್ಲಿಸು ಮಾರಾಯ!" ಎಂದು ಕೂಗಿದಳು. ಹೃದಯಾಘಾತವೆಂದುಕೊಂಡು ಬ್ರೇಕ್ ಒತ್ತಿದೆ. ಹಿಂದಿನ ಲಾರಿಯವನು ಹಾರ್ನ್ ಒತ್ತಿ, ಕಿಟಕಿಯಿಂದ ಬೆರಳು ತೋರಿಸಿ, ನಮ್ಮನ್ನು ಸವರಿಕೊಂಡು ಹೋದ.

ರಸ್ತೆಯ ಅಂಚಿನಲ್ಲಿ ಕಾಡುಹಂದಿಯೊಂದು ವಾಹನಕ್ಕೆ ಸಿಕ್ಕಿ ಹೊಟ್ಟೆ ಒಡೆದು ಬಿದ್ದಿತ್ತು. ಕರುಳು ಬಿಳಿ ಗೆರೆ ದಾಟಿ ಟಾರಿಗೆ ಅಂಟಿಕೊಂಡಿತ್ತು. ಮೂರು ಹದ್ದುಗಳು ಕಣ್ಣಿನಿಂದ ಊಟ ಶುರು ಮಾಡಿದ್ದವು. ಅಮ್ಮ ಕಾರಿನಿಂದಿಳಿದು ಅದರ ಹತ್ತಿರ ಹೋಗಿ, ಚಪ್ಪಲಿಯ ತುದಿಯಿಂದ ಬೆನ್ನು ಒತ್ತಿ ನೋಡಿದಳು.

"ಎರಡು ಬೆರಳು ಕೊಬ್ಬು ಉಂಟು. ಇಲ್ಲಿ ಹಂದಿ ಹೀಗೆ ಬಿದ್ದಿರ್ತದಾ? ಯಾರೂ ತಿನ್ನುದಿಲ್ವಾ?"

ಟೆಕ್ಸಸ್ಸಿನಲ್ಲಿ ಇವು ಹೊಲ ಅಗೆದು ಹಾಳು ಮಾಡುತ್ತವೆ, ರೈತರು ಕಂಡಲ್ಲಿ ಗುಂಡು ಹೊಡೆಯುತ್ತಾರೆ, ಹೆಲಿಕಾಪ್ಟರಿನಿಂದಲೂ ಹೊಡೆಯುತ್ತಾರೆ, ಹೆಚ್ಚಿನವರು ಹಾಗೇ ಬಿಟ್ಟುಬಿಡುತ್ತಾರೆ ಎಂದು ಹೇಳಿದೆ.

"ಕೊಂದು ಬಿಸಾಡುದಾ?" ಅಮ್ಮ ನನ್ನ ಕಡೆ ತಿರುಗಿದಳು. "ಮೇಲಿನವನು ಕೇಳುದಿಲ್ವಾ, ನಾನು ಕೊಟ್ಟದ್ದನ್ನು ಎಂತ ಮಾಡಿದಿರಿ ಅಂತ?"

ಕಾರು ಹತ್ತಿದ ಮೇಲೆ, ಬೆಲ್ಟ್ ಸಿಕ್ಕಿಸಲು ಒದ್ದಾಡುತ್ತಾ ಹೇಳಿದಳು: "ನನ್ನ ಹತ್ರವೂ ಕೇಳ್ತಾನೆ ಮಗಾ. ನಿನಗೆ ಕೊಟ್ಟ ಕೈ ಎಲ್ಲಿ ಅಂತ. ಮಣ್ಣಿಗೆ ಹಾಕಿದೆ ಅಂತ ಹೇಳ್ಲಾ? ನಿನ್ನನ್ನು ಬಿಟ್ರೆ ನನಗೆ ಯಾರಿದ್ದಾರೆ ಕೊಡ್ಲಿಕ್ಕೆ? ಒಂದು ಸಲ. ನನ್ನ ಕಣ್ಣೆದುರು. ಆಮೇಲೆ ನೀನು ಚೂರಿಯನ್ನು ಬಾವಿಗೆ ಹಾಕು ಬೇಕಾದ್ರೆ."

ನಾನು ಯೋಚಿಸುತ್ತೇನೆ ಅಂದೆ. ನಾನು ಹಾಗೆ ಹೇಳಿದರೆ ಏನರ್ಥವೆಂದು ಅವಳಿಗೆ ಗೊತ್ತು. ಕಿಟಕಿಯ ಕಡೆ ತಿರುಗಿ, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡಳು. ಆಸ್ಟಿನ್ನಿನವರೆಗೂ ಬಿಡಲಿಲ್ಲ. ಅದನ್ನು ನೋಡುತ್ತಾ ಡ್ರೈವ್ ಮಾಡುವುದು ಹಂದಿಯ ಕೋರೆಗಿಂತ ಕಷ್ಟವಾಯಿತು. ಮನೆ ಮುಟ್ಟುವ ಮುಂಚೆ ಒಪ್ಪಿಕೊಂಡೆ.

ಕಾರ್ಖಾನೆಯಿಂದ ಮನೆಗೆ ಬರುವ ದಾರಿಯಲ್ಲಿ ನಾನು ಮೊಟ್ಟೆ ಕೊಳ್ಳುವ ಬಿಳಿಯ ಮುದುಕನೊಬ್ಬನಿದ್ದಾನೆ. ಅವನ ಜೋಳದ ಹೊಲವನ್ನು ಹಂದಿಗಳು ಟ್ರ್ಯಾಕ್ಟರಿನ ಹಾಗೆ ಉತ್ತುಬಿಟ್ಟಿದ್ದವು. ಆಳೆತ್ತರದ ಕಬ್ಬಿಣದ ಜಾಲರಿಯನ್ನು ದುಂಡಗೆ ನಿಲ್ಲಿಸಿ, ಒಳಗೆ ಜೋಳ ಸುರಿದು ಬೋನು ಮಾಡಿದ್ದ. ಬಿದ್ದವುಗಳನ್ನು ಕೊಂದು ಹಳ್ಳಕ್ಕೆ ಎಳೆದು ಹಾಕುತ್ತಿದ್ದ. ನಮ್ಮ ವಿಷಯ ಹೇಳಿದಾಗ ಟೋಪಿ ತೆಗೆದು ತಲೆ ಕೆರೆದುಕೊಂಡ. ತನ್ನ ಚರ್ಚಿನಲ್ಲಿ ಅವನು ಕಾಣಿಕೆ ತಟ್ಟೆ ಹಿಡಿಯುವವನು. ಈ ನೆಲ ತನ್ನದಲ್ಲ, ನೋಡಿಕೊಳ್ಳಲು ಕೊಟ್ಟದ್ದು, ಅದಕ್ಕೇ ಹಂದಿಗಳ ಮೇಲೆ ಇಷ್ಟು ಸಿಟ್ಟು ಅಂದ. ಒಂದು ಷರತ್ತು ಹಾಕಿದ: ಮೊದಲು ತನ್ನ ಗುಂಡು, ಆಮೇಲೆ ನಮ್ಮ ಚೂರಿ. ಮಾಂಸವನ್ನು ಮಾರುವಂತಿಲ್ಲ ಎಂದೂ ಎಚ್ಚರಿಸಿದ. ಅದನ್ನು ನಾನು ಆಗಲೇ ಓದಿಕೊಂಡಿದ್ದೆ. ನಮ್ಮದು ಏಲಂಗೆ ಹೋಗುವುದಿಲ್ಲ, ಊಟಕ್ಕೆ ಬಡಿಸುತ್ತೇವೆ ಅಂದೆ.

ಈ ಸಲ ಡಾಲಸ್ಸಿನಲ್ಲಿದ್ದ ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಮುದುಕ ಫೋನ್ ಮಾಡಿದ. ಐದು ಬಿದ್ದಿವೆ.

ಅರ್ಧ ಮೈಲಿ ದೂರದಿಂದಲೇ ಅವುಗಳ ಸದ್ದು ಕೇಳಿತು. ಒಂದೊಂದು ಸಲ ಜಾಲರಿಗೆ ಬಡಿದಾಗಲೂ ಇಡೀ ಬೋನು ಗುಡುಗುತ್ತಿತ್ತು. ನಾನು ಎರಡು ಜೊತೆ ಕೈಗವಸು, ಕಣ್ಣಿಗೆ ಕನ್ನಡಕ, ಮಂಡಿಗೆ ಮಗಳ ಹಳೆಯ ಸ್ಕೇಟಿಂಗ್ ಪ್ಯಾಡು ಕಟ್ಟಿಕೊಂಡಿದ್ದೆ. ಮುದುಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಂದೂಕಿಗೆ ಗುಂಡು ತುಂಬಿದ. ಅಮ್ಮ ಮಡಚುವ ಕುರ್ಚಿಯಲ್ಲಿ ಬೋನಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತಳು.

"ಆ ದೊಡ್ಡ ಗಂಡು ಬೇಡ, ನಾತ ಬರ್ತದೆ. ಅಗೋ, ಮೂಲೆಯಲ್ಲಿ, ಇನ್ನೂ ಮರಿ ಹಾಕದ ಹೆಣ್ಣು. ಅದು."

ಗಂಡುಹಂದಿ ನನಗಿಂತ ಭಾರವಿತ್ತು. ಬಾಯಿಯಿಂದ ನೊರೆ ಇಳಿಯುತ್ತಿತ್ತು. ಮುದುಕನ ನಾಯಿ ಬೊಗಳುತ್ತಾ ಜಾಲರಿಯ ಹತ್ತಿರ ಹೋದದ್ದೇ ತಡ, ಅದು ಕಿಂಡಿಯಿಂದ ಕೋರೆ ಹಾಯಿಸಿ ಒಮ್ಮೆ ತಲೆ ಎತ್ತಿತು, ಅಷ್ಟೇ. ನಾಯಿಯ ಮೂತಿ ಮೂಗಿನಿಂದ ಕಣ್ಣಿನ ಕೆಳಗಿನವರೆಗೆ ಎರಡಾಯಿತು. ನಾಯಿ ಮಗುವಿನ ಹಾಗೆ ಅತ್ತಿತು. ಮುದುಕ ಅಂಗಿ ಬಿಚ್ಚಿ ಅದರ ಮುಖಕ್ಕೆ ಸುತ್ತಿ ಜೀಪಿಗೆ ಕಟ್ಟಿ ಬಂದ. ಬನಿಯನ್ನಿನಲ್ಲೇ ಬಂದೂಕು ಎತ್ತಿ ಗಂಡುಹಂದಿಯ ಕಿವಿ ಮತ್ತು ಕಣ್ಣಿನ ನಡುವೆ ಹೊಡೆದ. ಅದು ನಿಂತಲ್ಲೇ ಕುಸಿಯಿತು. ಉಳಿದವು ಅದರ ಮೇಲೆಯೇ ಹತ್ತಿ ಓಡತೊಡಗಿದವು. ಇನ್ನೊಂದು ಗುಂಡು, ಇನ್ನೊಂದು ಹೆಣ. ಮೂರನೆಯದಕ್ಕೆ ಮೊದಲ ಗುಂಡು ದವಡೆಗೆ ಬಿತ್ತು. ಕೆಳಗಿನ ದವಡೆ ನೇತಾಡಿಸಿಕೊಂಡು ಅದು ಎರಡು ಸುತ್ತು ಓಡಿತು, ಓಡಿದಲ್ಲೆಲ್ಲ ಕೆಂಪು ಗೆರೆ ಎಳೆಯಿತು. ಮುದುಕ ಬೈಯುತ್ತಾ ಮತ್ತೆ ಹೊಡೆದ.

ಅಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ಅವನಿಗೆ ಹೇಳು, ಸಿಟ್ಟಿನಲ್ಲಿ ಹೊಡೀಬೇಡ ಅಂತ. ಸಿಟ್ಟಿನ ಕೈ ತಪ್ತದೆ. ಮತ್ತೆ ಹೇಳು, ಒಂದನ್ನೂ ಬಿಸಾಡ್ಲಿಕ್ಕಿಲ್ಲ."

ಹೇಳಿದೆ. ಮುದುಕ ಬಂದೂಕು ತಗ್ಗಿಸಿ ಅಮ್ಮನನ್ನು ದಿಟ್ಟಿಸಿದ. ಬನಿಯನ್ನಿನ ಮುದುಕ, ಸೀರೆಯ ಮುದುಕಿ, ನಡುವೆ ಹೊಗೆಯಾಡುವ ಹೆಣಗಳು. ಉಳಿದ ಮಾಂಸವನ್ನು ತನ್ನ ಚರ್ಚಿನವರಿಗೆ ಹಂಚುತ್ತೇನೆ ಅಂದ. ಆಮೇಲೆ ನಾಲ್ಕನೆಯದನ್ನು ಒಂದೇ ಗುಂಡಿಗೆ ಮಲಗಿಸಿ, ಕೊನೆಗೆ ಮೂಲೆಯ ಹೆಣ್ಣಿನ ತಲೆಗೆ ಹೊಡೆದ. ಅದು ಮಗ್ಗುಲಾಗಿ ಬಿತ್ತು. ಬಾಗಿಲ ಚಿಲಕ ತೆಗೆದು, ಈಗ, ಬೇಗ ಎಂದು ನನಗೆ ಸನ್ನೆ ಮಾಡಿದ.

ನಾನು ಒಳಗೆ ಹೋದೆ. ನೆಲ ಜಾರುತ್ತಿತ್ತು. ಜೋಳ, ಕೆಸರು, ರಕ್ತ, ಹೇಲು ಎಲ್ಲ ಕಲಸಿಕೊಂಡಿತ್ತು. ಹೆಣ್ಣುಹಂದಿಯ ಹತ್ತಿರ ಬಗ್ಗಿದೆ. ಅದು ಕಣ್ಣು ಬಿಟ್ಟಿತು.

ಗುಂಡು ಬುರುಡೆಯನ್ನು ಸವರಿ ಹೋಗಿತ್ತು, ಅಷ್ಟೇ. ಅದು ಎದ್ದ ರಭಸಕ್ಕೆ ಮೂತಿ ನನ್ನ ಮಂಡಿಗೆ ಬಡಿದು ನಾನು ಗಂಡುಹಂದಿಯ ಹೆಣದ ಮೇಲೆ ಮಲಗಿದೆ. ಕನ್ನಡಕ ಎಲ್ಲೋ ಹಾರಿತು. ಹೊರಗಿನಿಂದ ಮುದುಕ ಏನೋ ಅರಚುತ್ತಿದ್ದ. ನಾನು ಅಡ್ಡ ಇದ್ದುದರಿಂದ ಗುಂಡು ಹೊಡೆಯುವಂತಿರಲಿಲ್ಲ. ಅದು ತಿರುಗಿ ಬಂದಾಗ, ಬೇರೇನೂ ತೋಚದೆ ಅದರ ಕುತ್ತಿಗೆಯನ್ನು ಎಡಗೈಯಿಂದ ತಬ್ಬಿಕೊಂಡೆ. ಕಿವಿಯ ಹತ್ತಿರ ಅದರ ಕಿರುಚಾಟ ಗರಗಸದ ಹಾಗೆ. ಇಬ್ಬರೂ ಕೆಸರಿನಲ್ಲಿ ಹೊರಳಿದೆವು. ನನ್ನ ಮೈಮೇಲೆ ಅದರ ಎದೆ ಹೊಡೆದುಕೊಳ್ಳುತ್ತಿತ್ತು, ನನ್ನದಕ್ಕಿಂತ ವೇಗವಾಗಿ.

ಅಷ್ಟರಲ್ಲಿ ಅಮ್ಮನ ಧ್ವನಿ ಬಂತು. ಕೂಗಲಿಲ್ಲ. ಅಡುಗೆಮನೆಯಿಂದ ಮಾತಾಡುವ ಹಾಗೆ.

"ಕುತ್ತಿಗೆ ಬುಡದಲ್ಲಿ ಗುಂಡಿ ಉಂಟು, ಬೆರಳು ಹಾಕಿ ನೋಡು. ಸಿಕ್ತಾ? ಮೊನೆ ಅಲ್ಲಿಡು. ಬಾಲದ ಕಡೆಗೆ ಒತ್ತು. ಹೆದರಬೇಡ ಮಗಾ, ಹೆದರಿದ ಕೈ ಅದಕ್ಕೆ ನೋವು ಕೊಡ್ತದೆ."

ಬೆರಳಿಗೆ ಗುಂಡಿ ಸಿಕ್ಕಿತು. ಹುಡುಕಬೇಕಾಗಲೇ ಇಲ್ಲ. ಚೂರಿ ಹಿಡಿಯವರೆಗೂ ಇಳಿಯಿತು. ಬೆಚ್ಚಗಿನ ರಕ್ತ ಮೊಣಕೈ ದಾಟಿ, ಮುಖಕ್ಕೆ ಚಿಮ್ಮಿ, ಬಾಯಿಗೆ ಬಂತು. ಅದು ನನ್ನ ತೋಳಿನಲ್ಲಿ ಎರಡು ಸಲ ದೊಡ್ಡದಾಗಿ ಒದ್ದುಕೊಂಡಿತು. ಆಮೇಲೆ ಸಣ್ಣದಾಗಿ. ಆಮೇಲೆ ಹೊಲದ ಗಾಳಿಯ ಸದ್ದು ಕೇಳಿಸಿತು.

ನಾನು ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಆ ಡೆಸ್ಕಿನ ಮುಂದೆ ಇದ್ದ ಹಾಗೆಯೇ ಇತ್ತು. ನಲವತ್ತು ವರ್ಷ ನಾನು ಹೆದರಿದ್ದು ಹಂದಿಗಲ್ಲ, ರಕ್ತಕ್ಕಲ್ಲ, ಈ ನಡುಗದಿರುವುದಕ್ಕೆ. ಅದು ಇನ್ನೂ ಇದೆಯೋ ಎಂದು ನೋಡಲು ಧೈರ್ಯವಿರಲಿಲ್ಲ; ಅದು ಹಾಗೇ ಇತ್ತು. ನಾನು ಹೆಣಗಳ ನಡುವೆ ಕೂತು ಗಟ್ಟಿಯಾಗಿ ಅತ್ತೆ. ಮುದುಕ ಸಭ್ಯ ಮನುಷ್ಯ, ನಾಯಿಯನ್ನು ನೋಡುವ ನೆಪದಲ್ಲಿ ಜೀಪಿನ ಕಡೆ ನಡೆದ.

ಅಮ್ಮ ಬಾಗಿಲವರೆಗೆ ಬಂದು ನಿಂತಿದ್ದಳು.

"ಎಲ್ಲಿಗೆ ಮುಟ್ಟಿತ್ತು ಅಮ್ಮ?" ಎಂದು ಕೇಳಿದೆ. ಅವಳು ಪ್ರಾರ್ಥನೆ ಹೇಳಿಕೊಂಡಿರುತ್ತಾಳೆಂದು ಗೊತ್ತಿತ್ತು.

"ತಪ್ಪು ಕ್ಷಮಿಸುವ ಸಾಲಿಗೆ. ಒಂದು ಸಾಲು ಹೆಚ್ಚಾಯ್ತು." ಸ್ವಲ್ಪ ಯೋಚಿಸಿದಳು. "ಮೊದಲ ಸಲಕ್ಕೆ ಅಡ್ಡಿಲ್ಲ. ಏಳು, ನೀರು ಕಾಯಿಸ್ಬೇಕು. ಅಳ್ತಾ ಕೂತ್ರೆ ಹಂದಿಯ ರೋಮ ಕಿತ್ತು ಬರುದಿಲ್ಲ."

ಕುದಿಯುವ ನೀರು ಹೊಯ್ದು ರೋಮ ಹೆರೆದದ್ದು, ಹೊಟ್ಟೆ ಸೀಳಿ ಕರುಳು ತೆಗೆದದ್ದು, ಕೀಲು ಹುಡುಕಿ ಬಿಡಿಸಿದ್ದು, ಎಲ್ಲವನ್ನೂ ನಾನೇ ಮಾಡಿದೆ. ಅಮ್ಮ ಕಡ್ಡಿಯೊಂದರಿಂದ ತೋರಿಸಿದಳು. ಕಡ್ಡಿಯ ತುದಿ ನಡುಗುತ್ತಿತ್ತು, ತೋರಿಸಿದ ಜಾಗ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಚೂರಿಯನ್ನು ನಾನು ತೊಳೆದು ಕೊಟ್ಟಾಗ ಸೀರೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕೊಡುತ್ತಾಳೆಂದುಕೊಂಡಿದ್ದೆ. ಐವತ್ತೆರಡು ವರ್ಷದವನಿಗೆ ಹೀಗೆ ಬೇಜಾರಾಗಬಾರದು, ಆಯಿತು.

ಮಧ್ಯಾಹ್ನ ಮನೆಯ ಗ್ಯಾರೇಜಿನಲ್ಲಿ ದೊಡ್ಡ ಒಲೆ ಹಚ್ಚಿದೆವು. ಹೆಂಡತಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ ಅರೆದಳು. ತುಂಡು ಮಾಡಿದ್ದು ನಾನು, ಒಗ್ಗರಣೆ ನಾನು, ಕೈಯಾಡಿಸಿದ್ದು ನಾನು. ಕೊನೆಗೆ ಅಮ್ಮ ಡಬ್ಬಿ ಹಿಡಿದು ಬಂದಳು.

"ಆಚೆ ಸರಿ ನೀನು. ಉಪ್ಪು ನಾನು ಹಾಕ್ತೇನೆ."

ಎರಡು ಹಿಡಿ ಹಾಕಿದಳು. ಕೈ ನಡುಗಿ ಹರಳು ಒಲೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ನನಗೆ ಹಾಗೆ ಕಾಣಿಸಿತು. ಕೈ ತೊಳೆಯಲು ಅವಳು ಒಳಗೆ ಹೋದಳು. ನಾಳೆ ಡಾಲಸ್ಸಿನಲ್ಲಿ ಮೂರು ಊರಿನ ಜನ ಸಪ್ಪೆ ಪದಾರ್ಥ ಬಾಯಿಗಿಟ್ಟು ಅಮ್ಮನ ಕಡೆ ಮರುಕದಿಂದ ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ರುಚಿ ನೋಡುವಂತೆಯೂ ಇರಲಿಲ್ಲ. ಬೇಯುವ ಮುಂಚೆ ಹಂದಿಯ ರಸ ನಾಲಿಗೆಗೆ ತಾಗಬಾರದೆಂದು ಓದಿದ್ದೆ. ಅದರ ಹಸಿ ರಕ್ತವನ್ನು ಬೆಳಿಗ್ಗೆಯೇ ನುಂಗಿದ್ದು ನೆನಪಿಗೆ ಬರಲಿಲ್ಲ. ಆ ಕಡೆ ಈ ಕಡೆ ನೋಡಿ ಇನ್ನೆರಡು ಹಿಡಿ ಹಾಕಿ ಕಲಕಿದೆ.

ಮರುದಿನ ಬೆಳಿಗ್ಗೆ ಡಾಲಸ್ಸಿಗೆ ಡ್ರೈವ್ ಮಾಡಿದೆವು. ಪೀಠದ ಮುಂದೆ ಸೋರೆಕಾಯಿ, ಸ್ವೆಟರ್, ಶಿಲುಬೆಗಳ ನಡುವೆ ಪಾತ್ರೆಯನ್ನು ನಾನೇ ಹೊತ್ತು ಇಟ್ಟೆ. ಅಮ್ಮ ಪಕ್ಕದಲ್ಲಿ ನಡೆದಳು, ಅಂಚಿಗೆ ಎರಡು ಬೆರಳು ತಾಗಿಸಿಕೊಂಡು. ಪಾಸ್ಟರ್ ಪ್ರಾರ್ಥಿಸುವಾಗ ಅವಳು ತಲೆ ತಗ್ಗಿಸಲಿಲ್ಲ. ನೇರವಾಗಿ ಮುಂದಕ್ಕೆ ನೋಡುತ್ತಿದ್ದಳು, ಅಲ್ಲಿ ಯಾರೋ ನಿಂತು ಕೇಳಿದ್ದಕ್ಕೆ ಉತ್ತರ ಕೊಡುವವಳ ಹಾಗೆ. ನನ್ನ ಮಂಡಿ ಊದಿಕೊಂಡಿತ್ತು. ಅದು ಬಿಟ್ಟರೆ ಎಲ್ಲರೂ ಬದುಕಿದ್ದೆವು, ಯಾರಿಗೂ ಜ್ವರವಿರಲಿಲ್ಲ, ಪೊಲೀಸರು ಬಂದಿರಲಿಲ್ಲ, ಮೈಸೂರಿನ ಆಂಟಿ ಹಿಂದಿನ ಸಂಜೆ ಗ್ಯಾರೇಜಿಗೆ ಇಣುಕಿ "ಏನ್ ಘಮ ಘಮ ಅಂತಿದೆಯಲ್ಲ!" ಅಂದು ಹೋಗಿದ್ದರು.

ಊಟಕ್ಕೆ ಮೊದಲ ತಟ್ಟೆ ಸಭೆಯ ಹಿರಿಯರೊಬ್ಬರದು, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನವರು. ಒಂದು ತುಂಡು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು.

"ಬಾರೀ ಲಾಯ್ಕ್ ಆಗಿದೆ ಆಂಟೀ" ಅಂದು ಲೋಟದ ನೀರೆಲ್ಲ ಕುಡಿದರು. ಪಕ್ಕದವರ ಲೋಟಕ್ಕೂ ಕೈ ಹಾಕಿದರು.

ಆ ಸಾಲಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ನೀರು ಕುಡಿಯತೊಡಗಿದರು. ನಮ್ಮ ಜನ ಪೀಠದ ಮುಂದಿನಿಂದ ಬಂದದ್ದಕ್ಕೆ ಹೆಸರಿಡುವುದಿಲ್ಲ. ಅಮ್ಮ ಒಂದು ತುಂಡು ತಿಂದಳು. ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು.

"ನೀನು ಪುನಃ ಹಾಕಿದ್ದೀಯಾ?"

"ನಿನ್ನ ಕೈಯಿಂದ ಎಲ್ಲ ಕೆಳಗೆ ಬಿತ್ತು ಅಂದ್ಕೊಂಡೆ."

"ಕೆಳಗೆ ಎಷ್ಟು ಬೀಳ್ತದೆ ಅಂತ ನನಗೆ ಗೊತ್ತಿಲ್ವಾ? ಅಷ್ಟು ಹೆಚ್ಚು ಹಿಡಿದೇ ಹಾಕಿದ್ದು." ಚೀಲಕ್ಕೆ ಕೈ ಹಾಕಿ ಸೀರೆಯ ಗಂಟನ್ನು ತೆಗೆದು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. "ಚೂರಿ ನೀನೇ ಇಟ್ಕೋ. ಉಪ್ಪಿನ ಸುದ್ದಿಗೆ ಬರಬೇಡ."

ನಾನು ಎದ್ದು ಇನ್ನೊಂದು ಕಟ್ಟು ನೀರಿನ ಬಾಟಲಿ ತರಲು ಹೋದೆ.